ಗುಮಾಸ್ತರ ಸಂತಾಪ ಸೂಚನೆ

ಸಾವಿನ ಮನೆಗೆ ಹೋದರೆ ಏನು ಮಾತಾಡಬೇಕೆಂದು ಎಲ್ಲರಿಗೂ ಗೊತ್ತಿರುವುದಿಲ್ಲ. ಕೆಲವರು ಹೋದವರ ಕಾಯಿಲೆ ವಿಚಾರಿಸುತ್ತಾರೆ, ಕೆಲವರು ಆಸ್ತಿ ವಿಚಾರಿಸುತ್ತಾರೆ. ನಮ್ಮ ಗುಮಾಸ್ತರು ಮಾತ್ರ ಈ ವಿಷಯದಲ್ಲಿ ಪಳಗಿದ ಕೈ. "ಪಾಪ, ಎಂಥಾ ಒಳ್ಳೇ ಮನುಷ್ಯ! ಇಂಥೋರು ಈಗ ಎಲ್ಲಿ ಸಿಗ್ತಾರೆ?" ಎಂದು ಒಂದು ನಿಟ್ಟುಸಿರು ಬಿಟ್ಟು ಮೂಲೆಯಲ್ಲಿ ಕೂತುಬಿಡುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಎಡವಟ್ಟಾದದ್ದು ಅದೇ ಮಾತನ್ನು ಅವರು ಒಬ್ಬ ಸರಣಿ ಕೊಲೆಗಾರನ ಬಗ್ಗೆ ಆಡಿದಾಗ.

ಗುಮಾಸ್ತರಿಗೆ ಕೆಲಸ ಬಸ್ ನಿಲ್ದಾಣದ ಮೂಲೆಯಲ್ಲಿರುವ, ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ. ಜನ ಬಸ್ಸಿನಲ್ಲಿ ಮರೆತು ಇಳಿದ ಕೊಡೆ, ಚೀಲ, ಕನ್ನಡಕ, ಹಲ್ಲುಸೆಟ್ಟುಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಅವುಗಳ ಹಿಂದೆಯೇ ಕಳೆದುಕೊಂಡವರೂ ಬರುತ್ತಾರೆ. ತಾವು ಮರೆತದ್ದನ್ನು ಗುಮಾಸ್ತರೇ ಕದ್ದರೇನೋ ಎಂಬಂತೆ ಕೂಗಾಡುತ್ತಾರೆ. ಸಾಮಾನು ಸಿಕ್ಕಿದರೆ ಯಾಕೆ ಕೊಳೆಯಾಗಿದೆ ಎಂದು ಬೈಯುತ್ತಾರೆ, ಸಿಗದಿದ್ದರೆ ಸುಮ್ಮನೆ ಬೈಯುತ್ತಾರೆ. ವಾರವಿಡೀ ಹೀಗೆ ಬೈಸಿಕೊಂಡ ಮನುಷ್ಯನಿಗೆ ಭಾನುವಾರ ಮಧ್ಯಾಹ್ನದ ನಿದ್ದೆಯೊಂದೇ ಆಸ್ತಿ. ಮನೆಯಲ್ಲಾಗಲಿ ಮೆಟ್ಟಿಲಲ್ಲಾಗಲಿ ಅವರು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅದು ಸಾಧುತನ ಎಂದು ಜನ ತಿಳಿದಿದ್ದರು. ನಿಜ ಹೇಳಬೇಕೆಂದರೆ ಅದು ಬರೀ ಆಯಾಸ. ಕಟ್ಟಡದ ಮಕ್ಕಳು ಅವರಿಗೆ ಸೈಲೆಂಟ್ ಅಂಕಲ್ ಎಂದು ಹೆಸರಿಟ್ಟಿದ್ದರು.

ಆ ಕಟ್ಟಡದಲ್ಲಿ ಎಲ್ಲರಿಗಿಂತ ದೊಡ್ಡ ಟೀವಿ ಇದ್ದದ್ದು ಗುಮಾಸ್ತರ ಮನೆಯಲ್ಲಿ. ಆದ್ದರಿಂದ ಆ ಭಾನುವಾರ ಊಟ ಮುಗಿಯುತ್ತಲೇ ಅಲ್ಲಿ ಸಭೆ ಸೇರಿತು. ಯಾವುದೋ ದೂರದ ಊರಿನ ಕೊಲೆಗಾರನ ಬಗ್ಗೆ ಸಾಕ್ಷ್ಯಚಿತ್ರ, ಹಲವು ಭಾಗಗಳದ್ದು. ನಡೆದದ್ದನ್ನು ನಡೆದ ಹಾಗೇ ತೋರಿಸಿದ್ದೇವೆ, ಗುಂಡಿಗೆ ಗಟ್ಟಿ ಇಲ್ಲದವರು ನೋಡಬೇಡಿ ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಅಂಥ ಎಚ್ಚರಿಕೆ ಓದಿದ ಮೇಲೆ ಎದ್ದು ಹೋಗುವವರು ಯಾರು? ಸೋಫಾದ ನಡುವೆ ಗುಮಾಸ್ತರ ಹೆಂಡತಿ, ಪಕ್ಕದಲ್ಲಿ ಅವಳ ತಾಯಿ. ಈ ಅತ್ತೆಯವರು ಮಂಡಿನೋವಿನ ಚಿಕಿತ್ಸೆಗೆಂದು ಬಂದವರು, ಮಂಡಿ ವಾಸಿಯಾದರೂ ಟೀವಿ ಬಿಟ್ಟು ಹೋಗಲಾರದೆ ಉಳಿದವರು. ಕುರ್ಚಿಯಲ್ಲಿ ಎದುರು ಮನೆಯ ಸೆಕ್ರೆಟರಿ. ಶಾಲೆಯ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಕಟ್ಟಡದ ಸಂಘಕ್ಕೆ ತಾವೇ ಕಾರ್ಯದರ್ಶಿಯಾಗಿ, ಕೂತವರನ್ನು ನಿಲ್ಲಿಸುವುದು, ನಿಂತವರನ್ನು ಕೂರಿಸುವುದು ಮಾಡಿಕೊಂಡಿದ್ದರು. ನೆಲದ ಮೇಲೆ ಕೆಳಗಿನ ಮನೆಯ ಟೈಲರಮ್ಮ. ಸೋಫಾದ ತುದಿಯಲ್ಲಿ ಉಳಿದ ಒಂದು ಗೇಣು ಜಾಗದಲ್ಲಿ ಗುಮಾಸ್ತರು.

ಹೆಸರು ತೋರಿಸುವಷ್ಟರಲ್ಲೇ ಗುಮಾಸ್ತರಿಗೆ ನಿದ್ದೆ ಹತ್ತಿತು. ಟೀವಿಯಲ್ಲಿ ಒಬ್ಬೊಬ್ಬರಾಗಿ ಕಾಣೆಯಾದರು, ಪೊಲೀಸರು ನೆಲ ಅಗೆದರು, ಕೊಲೆಗಾರ ತಾನು ಕೊಂದವರಿಂದೆಲ್ಲ ಒಂದೊಂದು ವಸ್ತು ತೆಗೆದಿಟ್ಟುಕೊಂಡಿದ್ದ ಪೆಟ್ಟಿಗೆ ಅವನ ಮಂಚದ ಕೆಳಗೆ ಸಿಕ್ಕಿತು. ಟೈಲರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸೆಕ್ರೆಟರಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡರು. ಗುಮಾಸ್ತರ ಗೊರಕೆ ಮಾತ್ರ ಹದ ತಪ್ಪದೆ ನಡೆದಿತ್ತು.

ಅವರಿಗೆ ಎಚ್ಚರವಾದದ್ದು ಕಟ್ಟಕಡೆಯಲ್ಲಿ. ಪರದೆಯ ಮೇಲೆ ಕೊಲೆಗಾರನ ನೆರೆಮನೆಯ ವಯಸ್ಸಾದ ಗಂಡ ಹೆಂಡತಿ ಒಂದು ಗೇಟಿನ ಮುಂದೆ ನಿಂತಿದ್ದರು. ಹಿನ್ನೆಲೆಯಲ್ಲಿ ಕರುಳು ಹಿಂಡುವ ಸಂಗೀತ. "ತುಂಬಾ ಒಳ್ಳೆಯವನು," ಎನ್ನುತ್ತಿದ್ದ ಮುದುಕ. "ತಾನಾಯ್ತು ತನ್ನ ಪಾಡಾಯ್ತು ಅಂತ ಇದ್ದ. ಯಾರ ತಂಟೆಗೂ ಹೋದವನಲ್ಲ." ಮುದುಕಿ ಕಣ್ಣೊರೆಸಿಕೊಂಡಳು. "ಮೆಟ್ಟಿಲ ಹತ್ರ ಸಿಕ್ಕಿದ್ರೆ ನಮ್ಮ ಚೀಲ ತಾನೇ ಎತ್ಕೊಂಡು ಬರ್ತಿದ್ದ."

ಗುಮಾಸ್ತರು ಅರೆಗಣ್ಣಿನಲ್ಲಿ ನೋಡಿದರು. ಯಾರೋ ಹೋಗಿದ್ದಾರೆ, ಮನೆಮಂದಿ ದುಃಖದಲ್ಲಿದ್ದಾರೆ. ಕೈಗಳು ತಾವಾಗಿಯೇ ಜೋಡಿಕೊಂಡವು.

"ಪಾಪ, ಎಂಥಾ ಒಳ್ಳೇ ಮನುಷ್ಯ!" ಎಂದರು. "ಇಂಥೋರು ಈಗ ಎಲ್ಲಿ ಸಿಗ್ತಾರೆ? ಯಾವಾಗ ಹೋದ್ರು?"

ನಾಲ್ಕೂ ತಲೆಗಳು ಒಟ್ಟಿಗೆ ತಿರುಗಿದವು.

"ರೀ," ಎಂದಳು ಹೆಂಡತಿ, "ಯಾರ ಬಗ್ಗೆ ಹೇಳ್ತಿದ್ದೀರಿ ಅಂತ ಗೊತ್ತಾ?"

"ಅದೇ, ಈಗ ಹೇಳಿದ್ರಲ್ಲ... ಯಾರ ತಂಟೆಗೂ ಹೋಗದೋರು, ಚೀಲ ಎತ್ಕೊಡ್ತಿದ್ದೋರು. ನನ್ನ ಹಾಗೇ."

ಈ ಕೊನೆಯ ಎರಡು ಶಬ್ದ ಆಡದೆ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೆಕ್ರೆಟರಿ ಎದ್ದು ನಿಂತು, "ಮನೇಲಿ ಗ್ಯಾಸ್ ಆರಿಸಿದೀನೋ ಇಲ್ವೋ" ಎಂದು ಬಾಗಿಲ ಕಡೆಗೆ ಹಿಮ್ಮುಖವಾಗಿಯೇ ನಡೆದರು. ಟೈಲರಮ್ಮ ಅವರಿಗಿಂತ ಮೊದಲೇ ಮೆಟ್ಟಿಲು ತಲುಪಿದ್ದಳು.

"ಅಷ್ಟು ಜನರ ಹೆಣ ತೆಗೀತಿದ್ರೂ ಗೊರಕೆ ಹೊಡೆಯೋಕೆ ಹೇಗಾಯ್ತು ಅಳಿಯಂದ್ರೇ?" ಎಂದರು ಅತ್ತೆ.

"ಸುಸ್ತಾಗಿತ್ತು ಅತ್ತೆ."

"ಸಿಕ್ಕಿಬಿದ್ದಾಗ ಅವನೂ ಅದನ್ನೇ ಹೇಳಿದ," ಎಂದು ಅತ್ತೆ ಮಗಳ ಕೈ ಹಿಡಿದುಕೊಂಡರು.

ಅಂದು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಬಿತ್ತು. "ನಿಮ್ಮ ಮೇಲೆ ಅನುಮಾನ ಅಂತಲ್ಲ ರೀ," ಎಂದು ಹೆಂಡತಿ ಬಾಗಿಲಿನಾಚೆಯಿಂದ ಸಮಾಧಾನ ಹೇಳಿದಳು. "ಕಣ್ಣು ಮುಚ್ಚಿದ್ರೆ ಅವನು ಕಾಣ್ತಾನೆ, ತೆರೆದ್ರೆ ನೀವು ಕಾಣ್ತೀರಿ. ಸ್ವಲ್ಪ ದಿನ ಅಮ್ಮನ ಜೊತೆ ಮಲಗ್ತೀನಿ." ಗುಮಾಸ್ತರಿಗೆ ಸೋಫಾ ಸಿಕ್ಕಿತು. ಅದು ಅವರಿಗಿಂತ ಗಿಡ್ಡ. ತಲೆ ಒಳಗಿಟ್ಟರೆ ಕಾಲು ಹೊರಗೆ, ಕಾಲು ಒಳಗಿಟ್ಟರೆ ತಲೆ ಹೊರಗೆ. ಕಟ್ಟಡದವರು ಏನಾದರೂ ಅಂದುಕೊಳ್ಳಲಿ, ಅವರಿಗೆ ಅದರ ಚಿಂತೆ ಇರಲಿಲ್ಲ. ಇಷ್ಟು ವರ್ಷ ಒಂದೇ ದಿಂಬಿಗೆ ಜಗ್ಗಾಡಿದ ಹೆಂಡತಿ ಬಾಗಿಲು ಹಾಕಿಕೊಳ್ಳುವ ಮುಂಚೆ ತಮ್ಮನ್ನು ನೋಡಿದ ಆ ನೋಟ ಇದೆಯಲ್ಲ, ಅದು ಅವರಿಗೆ ತುಂಬಾ ನೋವು ಮಾಡಿತು. ಅಪರಿಚಿತರನ್ನು ನೋಡುವ ಹಾಗೆ ನೋಡಿದ್ದಳು.

ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ಟೈಲರಮ್ಮ ಬಟ್ಟೆಗಂಟು ಹೊತ್ತು ಏದುಸಿರು ಬಿಡುತ್ತಿದ್ದಳು. ಗುಮಾಸ್ತರು ಎಂದಿನಂತೆ ಕೈ ಚಾಚಿದರು.

"ಬೇಡಣ್ಣ!" ಎಂದು ಅವಳು ಗಂಟನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡಳು. "ನಾನೇ ಹೊತ್ಕೋತೀನಿ. ನೀವು ಮುಂದೆ ಹೋಗಿ. ಇಲ್ಲ, ಹಿಂದೆ ಬನ್ನಿ. ಇಲ್ಲ ಇಲ್ಲ, ಮುಂದೇನೇ ಹೋಗಿ."

ಕಚೇರಿಯಲ್ಲಿ ಗುಮಾಸ್ತರು ಕೌಂಟರಿನ ಮೇಲೆ ತಲೆಯಿಟ್ಟು ಕೂತದ್ದನ್ನು ಕಂಡು ನಿಲ್ದಾಣದ ಪೋರ್ಟರ್ ಬಂದು ವಿಚಾರಿಸಿದ. ಪೋರ್ಟರ್ ಎಂದರೆ ಇಡೀ ನಿಲ್ದಾಣಕ್ಕೆ ಕೇಳುವ ಗಂಟಲು. ದಿನಕ್ಕೊಂದು ಜಗಳ ಆಡದೆ ಅವನು ಊಟ ಮಾಡಿದವನಲ್ಲ. ವಿಷಯವೆಲ್ಲ ಕೇಳಿ ತೊಡೆ ತಟ್ಟಿ ನಕ್ಕ.

"ಸಾರ್, ತಪ್ಪು ನಿಮ್ದೇ. ಅಷ್ಟು ಸುಮ್ನಿದ್ರೆ ಯಾರಿಗೆ ತಾನೇ ಭಯ ಆಗಲ್ಲ? ಜಗಳಗಂಟರನ್ನ ಯಾರಾದ್ರೂ ಅನುಮಾನಿಸ್ತಾರಾ? ನಮ್ಮ ಹೊಟ್ಟೆಲಿರೋದೆಲ್ಲ ಬಾಯಲ್ಲೇ ಹೊರಗೆ ಹೋಗಿರುತ್ತೆ. ಇವತ್ತು ಮನೆಗೆ ಹೋದ ಕೂಡ್ಲೇ ಯಾರ ಜೊತೆಗಾದ್ರೂ ಒಂದು ಜಗಳ ತೆಗೀರಿ. ನಾಲ್ಕು ಜನ ಕೇಳೋ ಹಾಗೆ. ನಾಳೆಯಿಂದ ಎಲ್ಲ ಸರಿಹೋಗುತ್ತೆ."

ಮನುಷ್ಯನಿಗೆ ನಿದ್ದೆಯಿಲ್ಲದಿದ್ದಾಗ ಎಂಥ ಬುದ್ಧಿಮಾತೂ ಹಿಡಿಸುತ್ತದೆ. ಗುಮಾಸ್ತರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬಂದರು. ಕಟ್ಟಡದ ಬಾಗಿಲಲ್ಲಿ ಸೆಕ್ರೆಟರಿ ತಮ್ಮ ಸೈಕಲ್ಲನ್ನು ಅಡ್ಡ ನಿಲ್ಲಿಸಿ ಒರೆಸುತ್ತಿದ್ದರು. ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ?

"ಏನ್ರೀ ಇದು!" ಎಂದು ಗುಮಾಸ್ತರು ಕೂಗಿದರು. ಗಂಟಲು ಅಭ್ಯಾಸವಿಲ್ಲದೆ ಕೀರಲಾಯಿತು. "ದಾರೀನ ನಿಮ್ಮ ಸ್ವಂತದ್ದು ಅಂದ್ಕೊಂಡಿದ್ದೀರಾ?"

ಬೇರೆ ದಿನವಾಗಿದ್ದರೆ ಸೆಕ್ರೆಟರಿ ಸಂಘದ ನಿಯಮಾವಳಿಯನ್ನೇ ಒಪ್ಪಿಸುತ್ತಿದ್ದರು. ಇಂದು ಮುಖ ಬಿಳಿಚಿಕೊಂಡಿತು. "ತೆಗೀತೀನಿ ಸಾರ್, ತೆಗೀತೀನಿ. ಕೋಪ ಮಾಡ್ಕೋಬೇಡಿ."

ಗುಮಾಸ್ತರಿಗೆ ದಿಕ್ಕು ತೋಚಲಿಲ್ಲ. ಪಾಠ ಮಾಡಿಕೊಂಡ ಮಾತುಗಳೆಲ್ಲ ಎದುರಿನವನು ಜಗ್ಗದಿದ್ದರೆ ಮಾತ್ರ ಉಪಯೋಗಕ್ಕೆ ಬರುವಂಥವು. "ನೀವು ಹಾಗೆ ತೆಗೀಬಾರ್ದು," ಎಂದರು. "ಯಾಕೆ ತೆಗೀಬೇಕು ಅಂತ ನನ್ನ ಕೇಳ್ಬೇಕು."

"ಯಾಕೆ ತೆಗೀಬೇಕು ಸಾರ್?"

"ಹಾಗಲ್ಲ, ಜೋರಾಗಿ! ಬೈಯ್ರಿ ನನ್ನ. ದಯವಿಟ್ಟು ಬೈಯ್ರಿ ಸಾರ್, ನಂಗೆ ಸುಸ್ತಾಗಿದೆ!"

ಸೆಕ್ರೆಟರಿ ಸೈಕಲ್ಲನ್ನು ಅಲ್ಲೇ ಕೆಡವಿ ಮೆಟ್ಟಿಲು ಹತ್ತಿ ಓಡಿದರು. ಡ್ರಿಲ್ ಮೇಷ್ಟ್ರ ಓಟ ಎಂದರೆ ಏನೆಂದು ಕಟ್ಟಡ ಅಂದು ಕಂಡಿತು. ಗುಮಾಸ್ತರು ಒಬ್ಬರೇ ನಿಂತು, ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಅರ್ಧ ಒರೆಸಿ ಬಿಟ್ಟಿದ್ದ ಚಕ್ರವನ್ನು ಪೂರ್ತಿ ಒರೆಸಿಟ್ಟು ಮೇಲೆ ಹೋದರು.

ಅಷ್ಟರಲ್ಲಿ ಸೆಕ್ರೆಟರಿ ಅತ್ತೆಯವರ ಕಿವಿಯಲ್ಲಿ ಊದಿಯಾಗಿತ್ತು. "ಮೂರನೇ ಭಾಗ ನೆನಪಿದೆಯಾ ಅಮ್ಮ? ಸಿಕ್ಕಿಬೀಳೋಕೆ ಸ್ವಲ್ಪ ಮುಂಚೆ ಅವನೂ ಹೀಗೇ ಸಣ್ಣಪುಟ್ಟದ್ದಕ್ಕೆಲ್ಲ ರೇಗ್ತಿದ್ದ. ಮಂಚದ ಕೆಳಗೆ ಏನಿದೆ ಅಂತ ಯಾವತ್ತಾದ್ರೂ ನೋಡಿದ್ದೀರಾ?"

ಅತ್ತೆ ನೋಡಿರಲಿಲ್ಲ. ಮಾರನೆಯ ದಿನ ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ, ಮಂಡಿನೋವಿನ ನೆಪವನ್ನೂ ಮರೆತು ಬಗ್ಗಿ ನೋಡಿದರು. ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇತ್ತು. ಹೆಂಡತಿಗೆ ಆ ಪೆಟ್ಟಿಗೆ ಗೊತ್ತಿತ್ತು, ಒಳಗಿನದು ಗೊತ್ತಿರಲಿಲ್ಲ. "ಆಫೀಸಿಂದು" ಎಂದು ಗಂಡ ಹೇಳಿದ್ದನ್ನು ನಂಬಿ ಗುಡಿಸುವಾಗ ಈಚೆಗೆ ಎಳೆದು ಆಚೆಗೆ ತಳ್ಳುತ್ತಿದ್ದಳು. ಅತ್ತೆ ಮುಚ್ಚಳ ಎತ್ತಿದರು. ಎತ್ತಿದವರೇ ಸೆಕ್ರೆಟರಿಯವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೊರಟರು.

ಇತ್ತ ಗುಮಾಸ್ತರು ಬೇರೊಂದು ಯೋಚನೆ ಮಾಡಿದ್ದರು. ಆ ಕೊಲೆಗಾರನಿಗೂ ತಮಗೂ ಇನ್ನೂ ಏನೇನು ಹೋಲಿಕೆ ಇದೆ ಎಂದು ಗೊತ್ತಾದರೆ ಅವನ್ನು ಒಂದೊಂದಾಗಿ ಬಿಡಬಹುದಲ್ಲ? ಹಾಗೆಂದು ಅರ್ಧ ದಿನ ರಜೆ ಹಾಕಿ, ಮನೆಯಲ್ಲಿ ಯಾರೂ ಇಲ್ಲದ್ದು ಕಂಡು ಅತ್ತೆ ವೈದ್ಯರ ಹತ್ತಿರ ಹೋಗಿರಬೇಕೆಂದುಕೊಂಡು, ಟೀವಿ ಹಾಕಿಕೊಂಡು ಕೂತರು. ಕೊಲೆಗಾರನಿಗೆ ಮೂಲಂಗಿ ಆಗುತ್ತಿರಲಿಲ್ಲ, ಇವರಿಗೂ ಆಗುತ್ತಿರಲಿಲ್ಲ. ಇನ್ನು ಮೇಲೆ ತಿನ್ನಬೇಕಲ್ಲಪ್ಪ ಎಂದು ಮುಖ ಕಿವುಚಿದರು. ಅವನಿಗೆ ಬೆಕ್ಕು ಕಂಡರೆ ಇಷ್ಟ, ಇವರಿಗೂ ಇಷ್ಟ. ಹೀಗೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಒಂದೊಂದಕ್ಕೂ ಬೆವರುತ್ತ ನೋಡುತ್ತಿರುವಾಗ, ಪೊಲೀಸರು ಅವನ ಪೆಟ್ಟಿಗೆ ತೆರೆದು ವಸ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ ದೃಶ್ಯ ಬಂತು. ಇದು ಇವರದು, ಇದು ಇವರದು ಎಂದು ಸತ್ತವರ ಮನೆಯವರು ಗುರುತು ಹಿಡಿದದ್ದನ್ನೆಲ್ಲ ತೋರಿಸಿದರು. ಕೊನೆಯಲ್ಲಿ ಒಂದು ಕೊಡೆ ಉಳಿಯಿತು. ಅದನ್ನು ಕೇಳಿಕೊಂಡು ಇದುವರೆಗೂ ಯಾರೂ ಬಂದಿಲ್ಲ ಎಂದಿತು ಹಿನ್ನೆಲೆ ದನಿ. ಕ್ಯಾಮೆರಾ ಒಂದು ಕ್ಷಣ ಕೊಡೆಯ ಮೇಲೆ ನಿಂತು ಮತ್ತೆ ಕೊಲೆಗಾರನ ಬಾಲ್ಯಕ್ಕೆ ಹೋಯಿತು.

ಗುಮಾಸ್ತರು ಹೋಗಲಿಲ್ಲ. ಟೀವಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಆ ಕೊಡೆಯನ್ನು ಮತ್ತೆ ನೋಡಿದರು. ಇನ್ನೊಮ್ಮೆ ನೋಡಿದರು. ಎಷ್ಟೋ ವರ್ಷ ಕೌಂಟರಿನ ಈಚೆ ಕೂತು, ಕೊಡೆಗಾಗಿ ಜನ ಕೂಗಾಡುವುದನ್ನು ಕೇಳಿ ಕೇಳಿ ಸಾಕಾಗಿದ್ದ ಮನುಷ್ಯ. ಒಂದು ಕೊಡೆಗಾಗಿ ಯಾರೂ ಕೂಗಾಡಲಿಲ್ಲವಲ್ಲ ಎಂದು ಅವರಿಗೆ ದುಃಖ ಒತ್ತರಿಸಿ ಬಂತು. ಸೋಫಾದಲ್ಲಿ ಕೂತು ಅತ್ತುಬಿಟ್ಟರು.

ಬಾಗಿಲು ತೆರೆದದ್ದು ಅದೇ ಹೊತ್ತಿಗೆ.

"ನೋಡಿ, ನೋಡಿ!" ಎಂದರು ಸೆಕ್ರೆಟರಿ. "ಒಬ್ನೇ ಕೂತು ಮತ್ತೆ ನೋಡ್ತಿದ್ದಾನೆ! ಅದೂ ಪೆಟ್ಟಿಗೆ ತೆಗೆಯೋ ಜಾಗಾನೇ!"

"ಅಳ್ತಾ ಬೇರೆ ಇದ್ದಾರೆ," ಎಂದರು ಅತ್ತೆ.

ಹಿಂದೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ನಿಂತಿದ್ದ. ಗುಮಾಸ್ತರಿಗಿಂತ ದಣಿದವರು ಲೋಕದಲ್ಲಿ ಯಾರಾದರೂ ಇದ್ದರೆ ಅವನೇ. ಟೋಪಿ ತೆಗೆದು, ಕುರ್ಚಿಯಲ್ಲಿ ಕುಸಿದು, ನೀರು ಕೇಳಿ ಕುಡಿದ. ಟೈಲರಮ್ಮ ಬಾಗಿಲಲ್ಲಿ ಇಣುಕಿ, ಗುಮಾಸ್ತರ ಹೆಂಡತಿಗೆ ಆಗಲೇ ಫೋನ್ ಮಾಡಿದ್ದೇನೆ, ಹೊರಟಿದ್ದಾರೆ ಎಂದು ವರದಿ ಒಪ್ಪಿಸಿದಳು. ಮಂಚದ ಕೆಳಗಿನ ಪೆಟ್ಟಿಗೆಯನ್ನು ನಡುಮನೆಗೆ ತಂದಿಟ್ಟರು.

ಹೆಡ್ ಕಾನ್‌ಸ್ಟೇಬಲ್ ಒಳಗೆ ಕೈಹಾಕಿ ಒಂದು ಒಂಟಿ ಚಪ್ಪಲಿ ತೆಗೆದ. ಅದಕ್ಕೆ ಕಟ್ಟಿದ್ದ ಚೀಟಿಯನ್ನು ಓದಿದ. "ಹೆಂಗಸು. ಎಡಗಾಲು. ಹಿಂದಿನ ಸೀಟಿನ ಕೆಳಗೆ."

ಟೈಲರಮ್ಮ ಕಿಟಾರೆಂದು ಕಿರುಚಿದಳು.

ಇನ್ನೊಂದು ಪೊಟ್ಟಣ ಬಿಚ್ಚಿದ. "ಮುದುಕ. ಮೇಲಿನ ಹಲ್ಲು ಪೂರ್ತಿ. ಕೆಳಗಿನದು ಸಿಕ್ಕಿಲ್ಲ."

ಸೆಕ್ರೆಟರಿ ಗೋಡೆಗೆ ಒರಗಿದರು. ಹೆಡ್ ಕಾನ್‌ಸ್ಟೇಬಲ್ ಉದ್ದನೆಯ ಕೂದಲ ಕಟ್ಟೊಂದನ್ನು ಎತ್ತಿ ಹಿಡಿದು, "ಯುವತಿ. ಜಡೆ ಮಾತ್ರ," ಎಂದು ಓದುವಷ್ಟರಲ್ಲಿ ಅತ್ತೆ ಸೋಫಾದ ಮೇಲೆ ಬಿದ್ದಿದ್ದರು.

"ಅದು ಕಟ್ಕೊಳ್ಳೋ ಜಡೆ ಸಾರ್," ಎಂದರು ಗುಮಾಸ್ತರು ಕಣ್ಣೊರೆಸಿಕೊಂಡು. "ಕಿಟಕಿ ಸರಳಿಗೆ ಸಿಕ್ಕಿತ್ತು. ನಾನು ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರ್‌ನಲ್ಲಿರೋದು."

"ಚೀಟಿ ನೋಡಿ ಹಾಗೇ ಅಂದ್ಕೊಂಡೆ," ಎಂದ ಹೆಡ್ ಕಾನ್‌ಸ್ಟೇಬಲ್ ಆಕಳಿಸುತ್ತ. "ಸ್ವಾಮಿ, ಈ ಹಾಳಾದ ಚಿತ್ರ ಬಂದಾಗಿಂದ ನಂಗೆ ಕೂರೋಕೆ ಪುರುಸೊತ್ತಿಲ್ಲ. ಏರಿಯಾದಲ್ಲಿ ಸುಮ್ನಿರೋ ಗಂಡಸರ ಮೇಲೆಲ್ಲ ಕಂಪ್ಲೇಂಟ್ ಬಂದಿದೆ. ನಿನ್ನೆ ಒಬ್ರು ಗಡಿಯಾರ ರಿಪೇರಿಯೋರು, ಇವತ್ತು ನೀವು. ಹೆಂಡ್ತೀಗೆ ಹೊಡೆಯೋನ ಮೇಲೆ, ಬೀದೀಲಿ ಬಾಟ್ಲಿ ಒಡೆಯೋನ ಮೇಲೆ ಒಂದೂ ಇಲ್ಲ. ಅವರೆಲ್ಲ ಮನಸ್ಸು ಬಿಚ್ಚಿ ಇರೋ ಜನ ಅಂತೆ! ಆದ್ರೆ ಇದನ್ನೆಲ್ಲ ಮನೆಗೆ ಯಾಕೆ ತಂದ್ರಿ?"

ಇಷ್ಟರಲ್ಲಿ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಅವಳು ಆಸ್ಪತ್ರೆಯೊಂದರಲ್ಲಿ ರೋಗಿಗಳ ಬಟ್ಟೆಬರೆ ಒಗೆಸುವ, ಹೊಲಿಸುವ ವಿಭಾಗ ನೋಡಿಕೊಳ್ಳುವವಳು. ಅಲ್ಲಿಂದ ಓಡುತ್ತಲೇ ಬಂದಿದ್ದಳು. ಗುಮಾಸ್ತರು ಅವಳನ್ನು ನೋಡಲಿಲ್ಲ.

"ಕೆಲವು ತಿಂಗಳಾದ್ಮೇಲೆ ಯಾರೂ ಕೇಳದ ಸಾಮಾನನ್ನೆಲ್ಲ ಹರಾಜು ಹಾಕ್ತಾರೆ ಸಾರ್. ಒಂಟಿ ಚಪ್ಪಲಿ, ಅರ್ಧ ಹಲ್ಲುಸೆಟ್ಟು ಯಾರು ಕೊಳ್ತಾರೆ? ಕಸಕ್ಕೆ ಹಾಕು ಅಂತಾರೆ. ಸಾಹೇಬರನ್ನ ಕೇಳಿ, ನಾನೇ ತಂದಿಟ್ಕೋತೀನಿ. ಒಂದು ಕಾಲಿನ ಚಪ್ಪಲಿ ಕಳ್ಕೊಂಡೋರು ಇನ್ನೊಂದನ್ನ ಇಟ್ಕೊಂಡಿರ್ತಾರಲ್ವಾ, ಯಾವತ್ತಾದ್ರೂ ಬಂದ್ರೆ..." ಅವರಿಗೆ ಸಾಕಾಗಿತ್ತು. ನಿದ್ದೆಯಿಲ್ಲ, ಹಾಸಿಗೆಯಿಲ್ಲ, ಮನೆಯಲ್ಲಿ ನಂಬುವವರಿಲ್ಲ. ತಿರುಗಿ ಎಲ್ಲರ ಮುಖ ನೋಡಿದರು. ಯಾರೂ ಕಲಿಸಿಕೊಡದ ಕೋಪವೊಂದು ತಾನಾಗಿ ಬಂತು. "ನೀವೆಲ್ಲ ಕಣ್ಣು ಬಿಟ್ಕೊಂಡು ನೋಡಿದ್ರಲ್ಲ. ಅವನು ಏನು ತಿಂತಿದ್ದ, ಹೇಗೆ ನಗ್ತಿದ್ದ, ಎಲ್ಲ ಹೇಳ್ತೀರಿ. ಸತ್ತೋರು ಯಾರು? ಒಬ್ಬರ ಹೆಸರು ಹೇಳಿ ನೋಡೋಣ!"

ಸೆಕ್ರೆಟರಿ ಅತ್ತೆಯನ್ನು ನೋಡಿದರು. ಅತ್ತೆ ಟೈಲರಮ್ಮನನ್ನು ನೋಡಿದರು. ಟೈಲರಮ್ಮ ಮೆಲ್ಲಗೆ ತಲೆ ತಗ್ಗಿಸಿದಳು.

"ನಂಗೂ ಹೇಳೋಕೆ ಬರಲ್ಲ," ಎಂದರು ಗುಮಾಸ್ತರು. ಕೋಪ ಬಂದಷ್ಟೇ ಬೇಗ ಇಳಿದುಹೋಗಿತ್ತು. "ನಾನು ನಿದ್ದೆ ಮಾಡ್ದೆ. ಆದ್ರೆ ಆ ಕೊಡೆ... ಆ ಕೊಡೆ ಕೇಳ್ಕೊಂಡು ಯಾರೂ ಬರ್ಲಿಲ್ವಂತೆ. ನನ್ನ ಕೌಂಟರಿಗಾದ್ರೂ ಬಂದಿದ್ರೆ..."

"ಕೆಂಪು ಕೊಡೆ," ಎಂದಳು ಹೆಂಡತಿ ಬಾಗಿಲಿನಿಂದಲೇ.

ಗುಮಾಸ್ತರು ತಲೆ ಎತ್ತಿದರು.

"ಹಿಡಿ ಮುರಿದಿತ್ತು. ನೀಲಿ ದಾರ ಸುತ್ತಿ ಕಟ್ಟಿದ್ರು. ಸುತ್ತಿದ್ದು ಎಷ್ಟು ಅಚ್ಚುಕಟ್ಟಾಗಿತ್ತು ಅಂದ್ರೆ..." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೆ ನಿದ್ದೆ ಬರದೆ ಇದ್ದದ್ದು ಅವನ ಭಯಕ್ಕಲ್ಲ ರೀ. ಆ ದಾರ ಕಣ್ಮುಂದೆ ಬರ್ತಿತ್ತು. ಹಾಗೆ ಹೇಳಿದ್ರೆ ಎಲ್ಲಾರೂ ನಗ್ತಾರಲ್ಲ, ಅದಕ್ಕೇ ಅವನ ಭಯ ಅಂದೆ."

ಅವಳು ಬಂದು ಚಪ್ಪಲಿ, ಹಲ್ಲು, ಜಡೆ ಎಲ್ಲವನ್ನೂ ಪೆಟ್ಟಿಗೆಯೊಳಗೆ ಒಂದೊಂದಾಗಿ ಇಟ್ಟು ಮುಚ್ಚಳ ಹಾಕಿದಳು. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದಳು. ಬರುವಾಗ ತಾಯಿಯ ದಿಂಬನ್ನು ತಂದು ಸೋಫಾದ ಮೇಲೆ ಹಾಕಿದಳು.

"ಅಮ್ಮ, ಈ ಸೋಫಾ ನಿಂಗೆ ಸರಿಯಾದ ಅಳತೆ," ಎಂದಳು.

ಹೆಡ್ ಕಾನ್‌ಸ್ಟೇಬಲ್ ಟೋಪಿ ಹಾಕಿಕೊಂಡು ಎದ್ದ. ಬಾಗಿಲ ತನಕ ಹೋದವನು ತಿರುಗಿ ಬಂದು, "ಸ್ವಾಮಿ, ಹೋದ ವರ್ಷ ಬಸ್ಸಲ್ಲಿ ನನ್ನ ಲಾಠಿ ಮರೆತೆ. ಠಾಣೇಲಿ ಯಾರಿಗೂ ಹೇಳಿಲ್ಲ," ಎಂದು ಪಿಸುಗುಟ್ಟಿದ.

"ನಾಳೆ ಬನ್ನಿ," ಎಂದರು ಗುಮಾಸ್ತರು. "ಒರೆಸಿಟ್ಟಿದ್ದೀನಿ."

ಮುಂದಿನ ಭಾನುವಾರ ಮತ್ತೆ ಸಭೆ ಸೇರಿತು. ನಾಯಿಬಾಲ ಡೊಂಕು. ಈ ಸಲದ ಚಿತ್ರ ಒಬ್ಬ ಹೆಂಗಸಿನ ಬಗ್ಗೆ. ಅವಳು ಕಟ್ಟಿಕೊಂಡ ಗಂಡಂದಿರಿಗೆಲ್ಲ ಹಾಲಿನಲ್ಲಿ ವಿಷ ಹಾಕಿ ಕೊಟ್ಟಿದ್ದಳು. "ಗಂಡ ಅಂದ್ರೆ ಪ್ರಾಣ ಅವಳಿಗೆ," ಎಂದು ಪರದೆಯ ಮೇಲೆ ನೆರೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು. "ಹಾಲು ತಾನೇ ಕಾಯಿಸಿ ತಂದು ಕೈಗೆ ಕೊಡ್ತಿದ್ಲು." ಸರಿಯಾಗಿ ಆಗಲೇ ಹೆಂಡತಿ ಅಡುಗೆಮನೆಯಿಂದ ಬಂದು ಗುಮಾಸ್ತರ ಕೈಗೆ ಬಿಸಿ ಹಾಲಿನ ಲೋಟ ಕೊಟ್ಟಳು.

ಟೀವಿಯನ್ನು ಯಾರೂ ನೋಡಲಿಲ್ಲ. ಸೆಕ್ರೆಟರಿಯವರ ಕಾಲು ಮತ್ತೆ ಕುರ್ಚಿಯ ಮೇಲೇರಿತು. ಅತ್ತೆ ಹೆತ್ತ ಮಗಳನ್ನೇ ಓರೆಗಣ್ಣಿನಲ್ಲಿ ನೋಡಿದರು. ಗುಮಾಸ್ತರು ಲೋಟ ನೋಡಿದರು, ಹೆಂಡತಿಯ ಮುಖ ನೋಡಿದರು. ಉಫ್ ಎಂದು ಊದಿ, ತಳ ಕಾಣುವವರೆಗೆ ಕುಡಿದು, ಮೀಸೆ ಒರೆಸಿಕೊಂಡರು. "ಸಕ್ಕರೆ ಸ್ವಲ್ಪ ಮುಂದಾಯ್ತು," ಎಂದು ಅವಳ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದರು.

ಸೆಕ್ರೆಟರಿ ಮುಂದಕ್ಕೆ ಬಾಗಿ ಗುಮಾಸ್ತರ ಮೂಗಿನ ಹತ್ತಿರ ಕಿವಿಯಿಟ್ಟರು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಗೊರಕೆ ಬಂತು. ಹೆಂಡತಿ ಭುಜ ಅಲುಗದ ಹಾಗೆ ಕೈ ಚಾಚಿ ಟೀವಿಯ ದನಿಯನ್ನು ಸಣ್ಣದು ಮಾಡಿದಳು.